ಪ್ರೋಟೀನುಗಳು ವಾರಗಳಲ್ಲಿ ಬದಲಾಗುತ್ತವೆ, ನೆನಪು 60 ವರ್ಷ ಹೇಗೆ ಉಳಿಯುತ್ತದೆ?

ಮುಲುಂದ್ ಬಯಾಲಜಿ ಟೀಚರ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮುಲುಂದ್‌ನ ಒಂದು ಜೂನಿಯರ್ ಕಾಲೇಜಿನಲ್ಲಿ ಬಯಾಲಜಿ ಪಾಠ ಮಾಡುತ್ತೇನೆ. ಊರು ಕಾರ್ಕಳ, ಮದುವೆಯಾಗಿ ಮುಂಬೈಗೆ ಬಂದವಳು. ಭಾನುವಾರ ಬೆಳಿಗ್ಗೆ ನಮ್ಮವರ ಮಕ್ಕಳಿಗೆ ಕನ್ನಡದಲ್ಲೇ ವಿಜ್ಞಾನದ ಕ್ಲಾಸು ನಡೆಸುತ್ತೇವೆ. ಈ ತಿಂಗಳ ವಿಷಯ ನೆನಪು.

ಬೋರ್ಡಿನ ಮೇಲೆ ಮಿದುಳಿನಲ್ಲಿ ಹೊಸ ನೆನಪು ಹಿಡಿಯುವ ಭಾಗವಾದ ಹಿಪೊಕ್ಯಾಂಪಸ್ ಬರೆದು, ಎರಡು ನರಕೋಶಗಳು ಕೂಡುವ ಜಾಗವಾದ ಒಂದು ಸಿನಾಪ್ಸನ್ನು ದೊಡ್ಡದಾಗಿ ಬಿಡಿಸಿ, ಸಂಕೇತ ಒಯ್ಯುವ ಗ್ಲುಟಮೇಟ್, ಅದನ್ನು ಹಿಡಿಯುವ ಎನ್‌ಎಂಡಿಎ, ಆಂಪಾ ಎಂಬ ಎರಡು ಬಗೆಯ ರಿಸೆಪ್ಟರ್, ಕ್ಯಾಲ್ಸಿಯಂ ಎಲ್ಲ ಹೇಳಿ, ಕೊನೆಗೆ "ಆಂಪಾ ರಿಸೆಪ್ಟರ್‌ಗಳು ಹೆಚ್ಚಾಗುತ್ತವೆ, ಆದ್ದರಿಂದ ಸಿನಾಪ್ಸ್ ಗಟ್ಟಿಯಾಗುತ್ತದೆ" ಎಂದೆ. ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಟೀಚರ್, ದೇಹದ ಪ್ರೋಟೀನುಗಳು ಹಳತಾಗಿ ಒಡೆದು ಹೋಗ್ತವೆ, ಹೊಸತು ಬರ್ತವೆ ಅಂತ ನೀವೇ ಹೇಳಿದ್ರಿ. ಹಾಗಾದ್ರೆ ಈ ರಿಸೆಪ್ಟರೂ ಹೋಗ್ಬೇಕಲ್ಲ? ಅದು ಹೋದ್ರೆ ನೆನಪು ಯಾಕೆ ಹೋಗೋದಿಲ್ಲ?"

ಮುಂದಿನ ವಾರ ಹೇಳುತ್ತೇನೆ ಎಂದಿದ್ದೇನೆ. ಇದು ನಮ್ಮ ಪಠ್ಯಪುಸ್ತಕ ಮುಟ್ಟದ ಪ್ರಶ್ನೆ, ಆದರೆ ಅಸಲು ಪ್ರಶ್ನೆಯೇ ಇದು. ಸಿನಾಪ್ಸಿನ ಹೆಚ್ಚಿನ ಪ್ರೋಟೀನುಗಳ ಆಯುಸ್ಸು ಕೆಲವು ದಿನ, ಬಹಳವೆಂದರೆ ಕೆಲವು ವಾರ. ನಮ್ಮ ಮಾವ ಮಾಟುಂಗದ ಹೋಟೆಲಿನಲ್ಲಿ ಹುಡುಗನಾಗಿ ಕೆಲಸಕ್ಕೆ ಸೇರಿದವರು. 1964ರ ಮಾರ್ಚ್ 31ರ ರಾತ್ರಿ ಬೋರಿ ಬಂದರಿನಿಂದ ದಾದರ್‌ಗೆ ಹೋದ ಮುಂಬೈಯ ಕಟ್ಟಕಡೆಯ ಟ್ರಾಮ್ ನೋಡಲು ರಸ್ತೆ ಬದಿಯಲ್ಲಿ ನಿಂತಿದ್ದನ್ನು ಈಗಲೂ ಹೇಳುತ್ತಾರೆ: ಮೆಟ್ಟಿಲಲ್ಲಿ ಜೋತುಬಿದ್ದ ಜನ, ಪಕ್ಕದಲ್ಲಿ ಹೆಗಲ ಮೇಲೆ ಕೈ ಹಾಕಿ ನಿಂತಿದ್ದ ಭಟ್ರು, ಅವರ ಅಂಗಿಗೆ ಹತ್ತಿದ್ದ ತುಪ್ಪದ ವಾಸನೆ. ಒಂದೇ ರಾತ್ರಿ ನೋಡಿದ್ದು. ಅದೇ ಮಾವ, ಬೆಳಿಗ್ಗೆ ತಿಂಡಿ ಆಯಿತೇ ಎಂದರೆ ನನ್ನ ಮುಖ ನೋಡುತ್ತಾರೆ.

ಆ ರಾತ್ರಿ ಅವರ ತಲೆಯಲ್ಲಿದ್ದ ಅಣುಗಳಲ್ಲಿ ಈಗ ಉಳಿದಿರುವುದು ತೀರಾ ಅಲ್ಪ. ಹಾಗಿದ್ದರೆ ಉಳಿದಿರುವುದೇನು? ಹುಡುಗಿಗೆ ನಿಜವಾದ ಉತ್ತರ ಕೊಡಬೇಕು. ಈ ಕೆಲಸ ಗೊತ್ತಿದ್ದವರು ದಯವಿಟ್ಟು ಬಿಡಿಸಿ ಬರೆಯಿರಿ.

ಸ್ಲೈಸ್ ಪುಣೆ

ಅಕ್ಕಾರ, ನಮಸ್ಕಾರ. ನಾನು ಧಾರವಾಡದಾಂವ, ಪುಣೆಯೊಳಗ ಪಾಷಾಣ ಕಡೆ ಒಂದು ಲ್ಯಾಬಿನ್ಯಾಗ ಪಿಎಚ್‌ಡಿ ಮಾಡ್ಲಿಕತ್ತೀನಿ. ದಿನಾ ಮಾಡೂ ಕೆಲಸನ ಇದು. ಆ ಹುಡುಗಿಗೆ ನನ್ನ ಕಡಿಂದ ಶಾಭಾಸ್ ಹೇಳ್ರಿ. ಆಕಿ ಕೇಳಿದ್ದು ಫ್ರಾನ್ಸಿಸ್ ಕ್ರಿಕ್ 1984ರಾಗ 'ನೇಚರ್' ಪತ್ರಿಕೆಯೊಳಗ ಕೇಳಿದ ಪ್ರಶ್ನೆ. ಡಿಎನ್‌ಎ ರಚನಾ ಕಂಡುಹಿಡದ ಕ್ರಿಕ್.

ಮೊದಲ ಹುಡುಗರಿಗೆ ಎಲ್‌ಟಿಪಿ, ಅಂದ್ರ ಸಿನಾಪ್ಸ್ ಗಟ್ಟಿಯಾಗಿ ಭಾಳ ಹೊತ್ತು ಹಂಗ ಉಳಿಯೋದು, ಕಣ್ಣಿಗೆ ಕಾಣೂ ಹಂಗ ಹೇಳ್ರಿ, ಆಮ್ಯಾಲೆ ಅಣುಗಳಿಗೆ ಹೋಗೋಣ. ಇದು ಪುಸ್ತಕದಾಗ ಹುಟ್ಟಿದ್ದಲ್ಲ, ತಂತಿ ತುದಿಯೊಳಗ ಹುಟ್ಟಿದ್ದು. ಓಸ್ಲೋದಾಗ ಪೆರ್ ಆಂಡರ್ಸನ್ ಅವರ ಲ್ಯಾಬಿನ್ಯಾಗ ಟೆರ್ಯೆ ಲೋಮೊ 1966ರಾಗ ಮೊದಲ ಸಲ ಕಂಡರು, ಆಮ್ಯಾಲೆ ಟಿಮ್ ಬ್ಲಿಸ್ ಜೋಡಿ ಸೇರಿ 1973ರಾಗ ಪೂರ್ತಿ ಬರದರು. ಅರಿವಳಿಕೆ ಕೊಟ್ಟ ಮೊಲದ ಹಿಪೊಕ್ಯಾಂಪಸ್‌ಗೆ ಬರೂ ನರತಂತುಗಳಿಗೆ ಪಟಪಟ ಅಂತ ಕರೆಂಟಿನ ಪಲ್ಸ್ ಕೊಟ್ಟರ, ಆಮ್ಯಾಲೆ ಕೊಟ್ಟ ಒಂದೊಂದು ಪಲ್ಸ್‌ಗೂ ಮೊದಲಿಗಿಂತ ದೊಡ್ಡ ಉತ್ತರ ಬಂತು. ಅರ್ಧ ತಾಸಿನಿಂದ ಹಿಡದು ಹತ್ತು ತಾಸಿನ ತನಕ ಅದು ಹಂಗ ಉಳೀತು.

ನಾವು ಈಗ ಮಾಡೋದು ಹೆಂಗಂದ್ರ: ಇಲಿಯ ಮಿದುಳನ್ನ ಬರ್ಫದಾಗ ತಣ್ಣಗ ಮಾಡಿದ ಲವಣದ ದ್ರಾವಣದಾಗ ಇಟ್ಟು, ನಡಗೂ ಬ್ಲೇಡಿನ ಯಂತ್ರದಿಂದ 400 ಮೈಕ್ರೋಮೀಟರ್ ದಪ್ಪದ ಸ್ಲೈಸ್ ಕೊಯ್ತೀವಿ. ದ್ರಾವಣಕ್ಕ 95 ಪಾಲು ಆಮ್ಲಜನಕ, 5 ಪಾಲು ಕಾರ್ಬನ್ ಡೈಆಕ್ಸೈಡ್ ಇರೂ ಗ್ಯಾಸ್ ಗುಳ್ಳಿ ಬಿಡ್ತಾನ ಇರಬೇಕು. ಒಂದು-ಎರಡು ತಾಸು ಸ್ಲೈಸ್‌ನ್ನ ಅದರ ಪಾಡಿಗೆ ಬಿಡಬೇಕು. ಅವಸರ ಮಾಡಿದ್ರ ಕೆಲಸ ಕೆಡ್ತದ. ಆಮ್ಯಾಲೆ ಹಿಪೊಕ್ಯಾಂಪಸ್‌ನ ಸಿಎ3 ಅನ್ನೂ ಭಾಗದಿಂದ ಸಿಎ1 ಅನ್ನೂ ಭಾಗಕ್ಕ ಹೋಗೂ ತಂತುಗಳ ಮ್ಯಾಲೆ ಒಂದು ಎಲೆಕ್ಟ್ರೋಡ್, ಸಿಎ1 ಕೋಶಗಳ ಟೊಂಗಿಗಳ ನಡುವ ಗಾಜಿನ ಸಣ್ಣ ಸೂಜಿ. 30 ಸೆಕೆಂಡಿಗೊಂದು ಪಲ್ಸ್. ಸ್ಕ್ರೀನ್ ಮ್ಯಾಲೆ ಪ್ರತಿ ಸಲ ಕೋಶಗಳ ಉತ್ತರ ಒಂದು ತಗ್ಗಾಗಿ ಮೂಡ್ತದ, ನಾವು ಅಳೆಯೋದು ಆ ತಗ್ಗಿನ ಇಳಿಜಾರು. ಅರ್ಧ ತಾಸು ಅದು ಏರಬಾರದು, ಇಳೀಬಾರದು. ಮಳಿಗಾಲದಾಗ ವೋಲ್ಟೇಜ್ ಆಟ ಆಡಿದ್ರ ಆ ದಿನ ಮುಗೀತು.

ಗೆರಿ ನೆಟ್ಟಗ ನಿಂತ ಮ್ಯಾಲೆ ಒಂದ ಒಂದು ಸೆಕೆಂಡು, 100 ಪಲ್ಸ್. ಅಷ್ಟ. ಮತ್ತ ಮೊದಲಿನಂಗ 30 ಸೆಕೆಂಡಿಗೊಂದು. ಈಗ ಇಳಿಜಾರು ಕಡಿದಾಗಿರ್ತದ, ಮೊದಲಿನ ಒಂದೂವರಿ ಪಟ್ಟು ಆಗಿರೋದು ಅಪರೂಪ ಅಲ್ಲ. ತಾಸು ಕಳದರೂ ಇಳಿಯೂದಿಲ್ಲ. ಅದ ದ್ರಾವಣಕ್ಕ ಎಪಿ5 ಅನ್ನೂ ಔಷಧ ಬೆರಸಿ ಮಾಡ್ರಿ: ಏರಿದ್ದು ಬೇಗನ ಹಳೇ ಮಟ್ಟಕ್ಕ ಬಂದ ಬಿಡ್ತದ. ಎಪಿ5 ಎನ್‌ಎಂಡಿಎ ರಿಸೆಪ್ಟರ್ ತಡೀತದ. ಗ್ರಹಾಂ ಕೊಲಿಂಗ್ರಿಜ್ 1983ರಾಗ ತೋರಿಸಿದ್ದು ಇದನ್ನ. 1986ರಾಗ ರಿಚರ್ಡ್ ಮೊರಿಸ್ ಅದ ಔಷಧವನ್ನ ಜೀವಂತ ಇಲಿಗಳ ಮಿದುಳಿಗೆ ಕೊಟ್ಟು ನೀರಿನ ಕೊಳದಾಗ ಬಿಟ್ಟರು. ನೀರಿನ ಕೆಳಗ ಮುಳುಗಿದ ಕಟ್ಟಿ ಎಲ್ಲೆ ಅದ ಅನ್ನೋದನ್ನ ಅವು ಸರಿಯಾಗಿ ಕಲೀಲಿಲ್ಲ. ಸ್ಲೈಸಿನ ಗೆರಿಗೂ ಪ್ರಾಣಿಯ ಕಲಿಕೆಗೂ ಸಂಬಂಧ ಅದ ಅನ್ನಲಿಕ್ಕೆ ಮೊದಲಿನ ಗಟ್ಟಿ ಪುರಾವೆಗಳೊಳಗ ಇದೂ ಒಂದು.

ಎನ್‌ಎಂಡಿಎದ ವಿಶೇಷ ಏನಂದ್ರ, ಅದಕ್ಕ ಎರಡು ಸಂಗತಿ ಒಂದ ಹೊತ್ತಿಗೆ ಬೇಕು. ಆಚೆ ಕೋಶದಿಂದ ಗ್ಲುಟಮೇಟ್ ಬರಬೇಕು, ಈಚೆ ಕೋಶ ಆಗಲೇ ಎಚ್ಚರಾಗಿರಬೇಕು. ಈಚೆ ಕೋಶ ಸುಮ್ಮನ ಸುಮಾರು ಮೈನಸ್ 70 ಮಿಲಿವೋಲ್ಟ್‌ನಾಗ ಕೂತಿದ್ರ ಎನ್‌ಎಂಡಿಎ ರಂಧ್ರದೊಳಗ ಮೆಗ್ನೀಸಿಯಂ ಅಯಾನ್ ಅಡ್ಡ ಕೂತಿರ್ತದ, ಗ್ಲುಟಮೇಟ್ ಬಂದರೂ ಏನೂ ಒಳಗ ಹೋಗಂಗಿಲ್ಲ. ಆಂಪಾ ರಿಸೆಪ್ಟರ್‌ಗಳು ಸೋಡಿಯಂ ಒಳಗ ಬಿಟ್ಟು ವೋಲ್ಟೇಜ್ ಏರಿಸಿದಾಗ ಮೆಗ್ನೀಸಿಯಂ ಹೊರಗ ದೂಡಿಸಿಕೊಳ್ತದ, ಕ್ಯಾಲ್ಸಿಯಂ ಒಳಗ ನುಗ್ಗತದ. ಈ ಮೆಗ್ನೀಸಿಯಂ ಸಂಗತಿ ಗೊತ್ತಾಗಿದ್ದು 1984ರಾಗ. "ಎರಡು ಕೋಶ ಜೋಡಿಯಾಗಿ ಕೆಲಸ ಮಾಡಿದ್ರ ಅವುಗಳ ನಂಟು ಗಟ್ಟಿ ಆಗ್ತದ" ಅಂತ ಡೊನಾಲ್ಡ್ ಹೆಬ್ 1949ರಾಗ ಬರೀ ತರ್ಕದಿಂದ ಹೇಳಿದ್ದಕ್ಕ ಇಲ್ಲೆ ಒಂದು ಅಣು ಸಿಕ್ಕಂಗಾತು. ನನಗ ಇಡೀ ವಿಷಯದಾಗ ಅತೀ ಇಷ್ಟದ ಭಾಗ ಇದು. ಮಕ್ಕಳ ಮುಂದ ಇದನ್ನ ಓಡಿಸಿ ಹೇಳಬ್ಯಾಡ್ರಿ.

ಕ್ಯಾಲ್ಸಿಯಂ ಬಂದ ಮ್ಯಾಲಿನ ಕಥಿ ಮುಂದ ಬರೀತೀನಿ, ಈಗ ಸ್ಲೈಸ್ ಕಾಯ್ಲಿಕತ್ತದ.

ಮುಲುಂದ್ ಬಯಾಲಜಿ ಟೀಚರ್

ತಮ್ಮಾ, ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ. ಆ 30 ಸೆಕೆಂಡಿನ ಪಲ್ಸು, ನೆಟ್ಟಗಿನ ಗೆರೆ, ಆಮೇಲೆ ಏರಿದ ಗೆರೆ, ಇಷ್ಟನ್ನು ಗ್ರಾಫ್ ಹಾಳೆಯಲ್ಲಿ ಮಕ್ಕಳಿಂದಲೇ ಬರೆಸುತ್ತೇನೆ.

ಪುರುಸೊತ್ತಾದಾಗ ಮುಂದಿನದು ಬರೆಯಿರಿ. ನಾನು ಓದಿದ ಪ್ರಕಾರ ಕ್ಯಾಮ್‌ಕೆ-2 ಎಂಬ ಕಿಣ್ವ ಒಮ್ಮೆ ಚಾಲೂ ಆದರೆ ತನ್ನಷ್ಟಕ್ಕೆ ಚಾಲೂ ಇರುತ್ತದೆ, ಅದೇ ನೆನಪಿನ ಸ್ವಿಚ್ಚು. ಇಷ್ಟು ಹೇಳಿದರೆ ಹುಡುಗಿಯ ಪ್ರಶ್ನೆಗೆ ಉತ್ತರವಾಯಿತೇ?

ಸ್ಲೈಸ್ ಪುಣೆ

ಅರ್ಧ ಉತ್ತರ ಆತು ಅಕ್ಕಾರ. ಉಳಿದರ್ಧ ಭಾಳ ಮುಖ್ಯದ್ದು.

ಸ್ಪೈನ್ ಅಂತೀವಲ್ಲ, ಟೊಂಗಿ ಮ್ಯಾಲಿನ ಸಣ್ಣ ಗುಬುಟು, ಅದರೊಳಗ ಬಂದ ಕ್ಯಾಲ್ಸಿಯಂ ಕ್ಯಾಲ್ಮೊಡ್ಯುಲಿನ್ ಅನ್ನೂ ಪ್ರೋಟೀನಿಗೆ ಅಂಟತದ, ಆ ಜೋಡಿ ಹೋಗಿ ಕ್ಯಾಮ್‌ಕೆ-2 ಎಬ್ಬಸ್ತದ. ಈ ಕಿಣ್ವಕ್ಕ 12 ಘಟಕ, ಆರಾರರ ಎರಡು ಉಂಗುರ. ಒಂದು ಘಟಕ ಎದ್ದರ ಬಾಜೂದ ಘಟಕದ 286ನೇ ಜಾಗಾದಾಗ ಇರೂ ಥ್ರಿಯೊನಿನ್ ಅನ್ನೂ ಅಮೈನೋ ಆಮ್ಲಕ್ಕ ಫಾಸ್ಫೇಟ್ ಹಚ್ಚತದ. ಫಾಸ್ಫೇಟ್ ಹತ್ತಿದ ಘಟಕ ಕ್ಯಾಲ್ಸಿಯಂ ಹೋದ ಮ್ಯಾಲೂ ಕೆಲಸ ಬಿಡಂಗಿಲ್ಲ. ಜಾನ್ ಲಿಸ್ಮನ್ 1985ರಾಗ ಲೆಕ್ಕ ಹಾಕಿ ತೋರಿಸಿದ್ದು ಇಂಥಾದ್ದನ್ನ: ತನ್ನ ಬಾಜೂದವರಿಗೆ ತಾನ ಫಾಸ್ಫೇಟ್ ಹಚ್ಚೂ ಕಿಣ್ವ ಇದ್ದರ, ಒಂದೊಂದ ಅಣು ಹಳೇದಾಗಿ ಹೋಗಿ ಹೊಸಾದು ಬಂದರೂ ಗುಂಪು ಚಾಲೂನ ಇರ್ತದ, ಯಾಕಂದ್ರ ಹೊಸದಕ್ಕ ಹಳೇದು ಹಚ್ಚತದ. 2014ರಾಗ ಪ್ರಯೋಗದಾಗನೂ ಕಂಡದ, ಎದ್ದ ಕ್ಯಾಮ್‌ಕೆ-2 ತನ್ನ ಘಟಕಗಳನ್ನ ಬ್ಯಾರೆ ಕ್ಯಾಮ್‌ಕೆ-2 ಜೋಡಿ ಅದಲು ಬದಲು ಮಾಡಿಕೊಂಡು ಅದನ್ನೂ ಎಬ್ಬಸ್ತದ ಅಂತ.

ಇಲಿಮರಿಗಳೊಳಗ ಆ ಒಂದ ಥ್ರಿಯೊನಿನ್ ತಗದು ಬ್ಯಾರೆ ಅಮೈನೋ ಆಮ್ಲ ಇಟ್ಟರು, 1998ರಾಗ. ಅಂಥಾ ಇಲಿಗಳಿಗೆ ಸಿಎ1ದೊಳಗ ಈ ತರಹದ ಎಲ್‌ಟಿಪಿ ಬರಲಿಲ್ಲ, ಕೊಳದ ಕಟ್ಟಿ ಜಾಗಾ ಕಲೀಲಿಲ್ಲ. ಇಡೀ ಪ್ರಾಣಿಯೊಳಗ ಒಂದು ಅಮೈನೋ ಆಮ್ಲ.

ಆದ್ರ ಆಮ್ಯಾಲೆ ಕಥಿ ತಿರಗ್ತು. 2009ರಾಗ ರ್‍ಯೋಹೈ ಯಾಸುದಾ ಅವರ ಗುಂಪು ಒಂದೊಂದ ಸ್ಪೈನಿನ್ಯಾಗ ಕ್ಯಾಮ್‌ಕೆ-2 ಬೆಳಗೂ ಹಂಗ ಮಾಡಿ ನೋಡಿದ್ರು. ಎದ್ದದ್ದು ಖರೆ, ಆದ್ರ ಒಂದೆರಡು ನಿಮಿಷದಾಗ ಇಳದ ಹೋತು. ಎಲ್‌ಟಿಪಿ ಉಳೀತು, ಕಿಣ್ವದ ಚಟುವಟಿಕಿ ಉಳೀಲಿಲ್ಲ. ಹಿಂಗಾಗಿ "ಸ್ವಿಚ್ಚು ವರ್ಷಗಟ್ಟಲೆ ಚಾಲೂ" ಅಂತ ಬೋರ್ಡಿನ ಮ್ಯಾಲೆ ಬರೀಬ್ಯಾಡ್ರಿ. ಕ್ಯಾಮ್‌ಕೆ-2 ಕೆಲಸ ಸುರು ಮಾಡ್ತದ. ಎದ್ದಾಗ ಅದು ಎನ್‌ಎಂಡಿಎ ರಿಸೆಪ್ಟರಿನ ಬಾಲಕ್ಕ ಅಂಟಿಕೊಳ್ತದ, ಆ ಅಂಟು ಸಹಿತ ಮುಖ್ಯ.

ಸುರು ಮಾಡಿದ ಕೆಲಸ ಏನು? ಆಂಪಾ ರಿಸೆಪ್ಟರ್‌ಗಳಿಗೆ ಫಾಸ್ಫೇಟ್ ಹತ್ತಿ ಒಂದೊಂದ ರಂಧ್ರದಿಂದ ಹೆಚ್ಚು ಸೋಡಿಯಂ ಹೋಗ್ತದ, ಇದು ಒಂದು. ಹೊಸಾ ಆಂಪಾಗಳು ಬರ್ತಾವ, ಇದು ಎರಡನೇದು, ಇದ ದೊಡ್ಡದು. 1995ರಾಗ ಎರಡು ಗುಂಪು ಒಂದ ಹೊತ್ತಿಗೆ ತೋರಿಸಿದ್ರು: ಕೆಲವು ಸಿನಾಪ್ಸ್‌ಗಳೊಳಗ ಎನ್‌ಎಂಡಿಎ ಇರ್ತದ, ಆಂಪಾ ಕೆಲಸ ಮಾಡ್ತಿರಂಗಿಲ್ಲ. ಅವು ಸುಮ್ಮನಿರೂ ಸಿನಾಪ್ಸ್. ಎಲ್‌ಟಿಪಿ ಆದ ಕೂಡಲೇ ಅವು ಮಾತಾಡ್ಲಿಕ್ಕೆ ಸುರು ಮಾಡ್ತಾವ.

ಈಗ ಹುಡುಗಿಯ ಪ್ರಶ್ನೆಗೆ ಬರ್ರಿ. ಈ ಆಂಪಾ ರಿಸೆಪ್ಟರ್‌ಗಳು ಸಿನಾಪ್ಸಿನ್ಯಾಗ ನಟ್ಟು ಬಿಗಿದು ಕೂಡಂಗಿಲ್ಲ. ಪೊರೆಯೊಳಗ ಸರಕೋತ ಬರ್ತಾವ, ಹೋಗ್ತಾವ, ಕೆಲವು ನಿಮಿಷಗಳಾಗ. ಅವನ್ನ ಹಿಡಕೊಳ್ಳೋದು ಕೆಳಗಿನ ಪಿಎಸ್‌ಡಿ-95 ಅನ್ನೂ ಪ್ರೋಟೀನಿನ ದಟ್ಟ ಹಾಸು. ಆ ಹಾಸು ದೊಡ್ಡದಾದ್ರ ಹಿಡೀಲಿಕ್ಕೆ ಜಾಗಾ ಹೆಚ್ಚು, ಜಾಗಾ ಹೆಚ್ಚಾದ್ರ ಯಾವ ರಿಸೆಪ್ಟರ್ ಬಂದು ಹೋದರೂ ಸರಾಸರಿ ಹೆಚ್ಚು ಮಂದಿ ಕೂತಿರ್ತಾರ. ಸ್ಪೈನ್ ಸಹಿತ ಹಿಗ್ಗತದ. 2004ರಾಗ ಮಾತ್ಸುಜಾಕಿ, ಕಸಾಯಿ ಲೇಸರ್‌ನಿಂದ ಒಂದ ಒಂದು ಸ್ಪೈನಿನ ತುದಿಗೆ ಗ್ಲುಟಮೇಟ್ ಬಿಟ್ಟು ನೋಡಿದ್ರು. ಅದು ಉಬ್ಬಿತು, ಬಾಜೂದ್ದು ಉಬ್ಬಲಿಲ್ಲ. ಒಳಗಿನ ಆಕ್ಟಿನ್ ಎಳಿಗಳು ಮರುಜೋಡಣಿ ಆಗೋದರಿಂದ ಅದು ಆಗ್ತದ.

ಅಂದ್ರ ಉಳಿಯೋದು ಅಣು ಅಲ್ಲ ಅಕ್ಕಾರ, ಜಾಗಾದ ಅಳತಿ. ಎಷ್ಟು ಮಂದಿ ಕೂಡಬೇಕು ಅನ್ನೋದು. ಅಣುಗಳು ಆ ಅಳತಿ ಕಾಯಕೊಂಡು ಹೋಗ್ತಾವ, ತಮ್ಮ ಬದಲಿ ಬಂದ ಅಣುವಿಗೆ ಒಪ್ಪಿಸಿ ಹೋಗ್ತಾವ.

ಮುಲುಂದ್ ಬಯಾಲಜಿ ಟೀಚರ್

ಓದಿ ಬಹಳ ಹೊತ್ತು ಸುಮ್ಮನೆ ಕುಳಿತೆ. ಮಾವನ ಹೋಟೆಲಿನ ಕಥೆ ಎಷ್ಟೋ ಸಲ ಕೇಳಿದ್ದೇನೆ: ಊರಿನಿಂದ ಹೊಸ ಹುಡುಗ ಬಂದರೆ ಪಕ್ಕದ ಟೇಬಲ್ಲಿನ ಹುಡುಗನೇ ಅವನಿಗೆ ಕಲಿಸುತ್ತಿದ್ದ, ವರ್ಷ ಕಳೆದರೆ ಕಲಿಸಿದವನು ಬೇರೆ ಕಡೆ ಹೋಗಿರುತ್ತಿದ್ದ, ಟೇಬಲ್ಲು ಮಾತ್ರ ಖಾಲಿ ಬೀಳುತ್ತಿರಲಿಲ್ಲ. ಮುಂಬೈಯಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಇದು ತಕ್ಷಣ ಹಿಡಿಸುತ್ತದೆ, ಅರ್ಧಕ್ಕರ್ಧ ಮಕ್ಕಳ ಅಜ್ಜಂದಿರು ಹೋಟೆಲಿನವರೇ.

ಆದರೂ ಒಂದು ಅನುಮಾನ. ಆ ಹಾಸು, ಆ ಸ್ಪೈನ್ 60 ವರ್ಷ ಹಾಗೇ ದೊಡ್ಡದಾಗಿ ಇರುತ್ತದೆಯೇ?

ಮಡಗಾಂವ್ ಡಾಕ್ಟರ್

ಟೀಚರೇ, ನಾನು ಅಂಕೋಲೆ ಕಡೆಯವನು. ಮಡಗಾಂವ್‌ನಲ್ಲಿ ಬಹಳ ವರ್ಷ ಪ್ರಾಕ್ಟೀಸ್ ಮಾಡಿ ಈಗ ಕಡಿಮೆ ಮಾಡಿದ್ದೇನೆ. ಪುಣೆಯ ಹುಡುಗ ಅಣುವಿನ ಕಡೆಯಿಂದ ಬರೆದಿದ್ದು ಓದಿ ಸಂತೋಷವಾಯಿತು. ರೋಗಿಯ ಕಡೆಯಿಂದ ನಾಲ್ಕು ಮಾತು.

ನಿಮ್ಮ ಕೊನೆಯ ಅನುಮಾನಕ್ಕೆ ಮೊದಲು ಉತ್ತರ: ಹಿಪೊಕ್ಯಾಂಪಸ್ ಅದನ್ನು 60 ವರ್ಷ ಒಬ್ಬನೇ ಹೊತ್ತುಕೊಂಡಿರಬೇಕಾಗಿಲ್ಲ. ಅಮೆರಿಕದ ಹೆನ್ರಿ ಮೊಲೈಸನ್‌ಗೆ ಫಿಟ್ಸ್ ಬಹಳವಿತ್ತು. 1953ರ ಆಗಸ್ಟ್ 25ರಂದು ವಿಲಿಯಂ ಸ್ಕೋವಿಲ್ ಎಂಬ ಸರ್ಜನ್ ಅವನ ಎರಡೂ ಕಡೆಯ ಹಿಪೊಕ್ಯಾಂಪಸ್‌ನ ಬಹುಭಾಗವನ್ನು, ಸುತ್ತಲಿನ ಭಾಗವನ್ನೂ ಸೇರಿಸಿ ತೆಗೆದರು. ಅವನಿಗೆ ಆಗ 27 ವರ್ಷ. ಫಿಟ್ಸ್ ಕಡಿಮೆಯಾಯಿತು, ಆದರೆ ಅಲ್ಲಿಂದ ಮುಂದೆ ಹೊಸ ಘಟನೆ ಒಂದೂ ನಿಲ್ಲಲಿಲ್ಲ. ಅವನನ್ನು ದಶಕಗಳ ಕಾಲ ಪರೀಕ್ಷಿಸಿದ ಬ್ರೆಂಡಾ ಮಿಲ್ನರ್ ಪ್ರತಿ ಸಲವೂ ಅವನಿಗೆ ಹೊಸಬರೇ. ಆದರೆ ಬಾಲ್ಯದ ಸಂಗತಿಗಳು ಉಳಿದಿದ್ದವು. ಕೈಗೆಲಸ ಕಲಿಯುವುದೂ ಉಳಿದಿತ್ತು: ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಗೆರೆ ಎಳೆಯುವುದರಲ್ಲಿ ದಿನದಿಂದ ದಿನಕ್ಕೆ ಸುಧಾರಿಸಿದ, ಹಿಂದೆ ಮಾಡಿದ್ದೇ ನೆನಪಿಲ್ಲ ಎನ್ನುತ್ತಲೇ. 2008ರಲ್ಲಿ ತೀರಿಕೊಂಡ. ಮಿದುಳಿನಲ್ಲಿ ನೆನಪು ಹುಟ್ಟುವ ಜಾಗ ಬೇರೆ, ಹಳೆಯದು ಕೂರುವ ಜಾಗ ಬೇರೆ ಎಂದು ನಾವು ಕಲಿತದ್ದು ಬಹುಪಾಲು ಈ ಒಬ್ಬ ಮನುಷ್ಯನ ನಷ್ಟದಿಂದ. ಹಿಪೊಕ್ಯಾಂಪಸ್‌ನಲ್ಲಿ ಬೇಗ ಹಿಡಿದದ್ದು ತಿಂಗಳು, ವರ್ಷಗಳಲ್ಲಿ ಹೊರಪದರದ ಸಂಪರ್ಕಗಳಲ್ಲಿ ನಿಧಾನವಾಗಿ ನೆಲೆಯಾಗುತ್ತದೆ.

ಮಾವನವರ ವಿಷಯ. ಟ್ರಾಮ್ ನೆನಪಿದೆ, ಬೆಳಗಿನ ತಿಂಡಿ ನೆನಪಿಲ್ಲ ಎಂದರೆ ಹೊಸದು ಹಿಡಿಯುವ ಭಾಗ ಸೋಲುತ್ತಿದೆ ಎಂದು ಅರ್ಥ. ಅದನ್ನು "ವಯಸ್ಸಾಯಿತು" ಎಂದು ಬಿಡಬೇಡಿ. ಆಲ್ಜೈಮರ್ಸ್ ಶುರುವಾಗುವುದು ಹೆಚ್ಚಾಗಿ ಅದೇ ಭಾಗದಿಂದ. 2002ರಲ್ಲಿ ಡಾಮಿನಿಕ್ ವಾಲ್ಶ್, ಡೆನಿಸ್ ಸೆಲ್ಕೊ ತೋರಿಸಿದ ಹಾಗೆ, ಆ ರೋಗದಲ್ಲಿ ಶೇಖರವಾಗುವ ಅಮಿಲಾಯ್ಡ್ ಬೀಟಾ ಎಂಬ ಪ್ರೋಟೀನಿನ ಸಣ್ಣ ಗುಂಪುಗಳು ಜೀವಂತ ಇಲಿಯ ಹಿಪೊಕ್ಯಾಂಪಸ್‌ನಲ್ಲಿ ಎಲ್‌ಟಿಪಿಯನ್ನೇ ತಡೆಯುತ್ತವೆ, ಕೋಶ ಸಾಯುವುದಕ್ಕಿಂತ ಬಹಳ ಮೊದಲು. ಆದರೆ ಎಲ್ಲ ಮರೆವೂ ಆಲ್ಜೈಮರ್ಸ್ ಅಲ್ಲ. ಮೊದಲು ರಕ್ತದಲ್ಲಿ ಬಿ12, ಥೈರಾಯ್ಡ್ ನೋಡಿಸಿ. ಸಸ್ಯಾಹಾರಿಗಳಲ್ಲಿ, ಮೆಟ್‌ಫಾರ್ಮಿನ್ ತೆಗೆದುಕೊಳ್ಳುವ ಸಕ್ಕರೆ ಕಾಯಿಲೆಯವರಲ್ಲಿ ಬಿ12 ಕಡಿಮೆ ಇರುವುದು ಸಾಮಾನ್ಯ. ಅಲರ್ಜಿ ಮಾತ್ರೆ, ಮೂತ್ರ ತಡೆಯದ್ದಕ್ಕೆ ಕೊಡುವ ಕೆಲವು ಮಾತ್ರೆಗಳೂ ಮುದುಕರ ತಲೆ ಮಂಕು ಮಾಡುತ್ತವೆ. ಅವರು ನುಂಗುವ ಎಲ್ಲ ಮಾತ್ರೆಗಳ ಪಟ್ಟಿ ತೆಗೆದುಕೊಂಡು ನ್ಯೂರಾಲಜಿಸ್ಟ್ ಹತ್ತಿರ ಹೋಗಿ. ಇದನ್ನು ಈ ತಿಂಗಳೇ ಮಾಡಿ, ತಾಯೀ.

ಮುಲುಂದ್ ಬಯಾಲಜಿ ಟೀಚರ್

ಖಂಡಿತ ಮಾಡುತ್ತೇವೆ ಡಾಕ್ಟ್ರೇ. ಅವರಿಗೆ ಸಕ್ಕರೆ ಇದೆ, ಮೆಟ್‌ಫಾರ್ಮಿನ್ ತುಂಬಾ ವರ್ಷದಿಂದ ಇದೆ. ಬಿ12 ಯಾರೂ ನೋಡಿರಲಿಲ್ಲ. ಮನೆಯವರಿಗೆ ಈಗಲೇ ಹೇಳಿದೆ.

ಇನ್ನೊಂದು ಕೇಳಬೇಕು. ನಮ್ಮ ಬಿಲ್ಡಿಂಗಿನವರೊಬ್ಬರು "ಮಿದುಳಿಗೆ ಮೆಗ್ನೀಸಿಯಂ ಬೇಕು" ಎಂದು ಮಾವನಿಗೆ ಮೆಗ್ನೀಸಿಯಂ ಮಾತ್ರೆ ತಂದು ಕೊಟ್ಟಿದ್ದಾರೆ. ಮತ್ತೊಬ್ಬರು ಮೆಮಂಟೀನ್ ಹೆಸರು ಹೇಳಿದರು. ಎನ್‌ಎಂಡಿಎ ತಡೆದರೆ ಎಲ್‌ಟಿಪಿ ಬರುವುದಿಲ್ಲ ಎಂದು ಮೇಲೆ ಓದಿದೆ. ಮೆಮಂಟೀನ್ ಎನ್‌ಎಂಡಿಎ ತಡೆಯುವ ಔಷಧವೇ ಅಲ್ಲವೇ? ಅದನ್ನು ಮರೆವಿಗೆ ಕೊಡುವುದು ಹೇಗೆ?

ಮಡಗಾಂವ್ ಡಾಕ್ಟರ್

ಸರಿಯಾದ ಪ್ರಶ್ನೆ. ಮೆಮಂಟೀನ್ ಎನ್‌ಎಂಡಿಎ ರಂಧ್ರದಲ್ಲೇ ಕೂರುತ್ತದೆ, ಆದರೆ ಸಡಿಲವಾಗಿ. ಕಾಯಿಲೆಯಲ್ಲಿ ಗ್ಲುಟಮೇಟ್ ಸುತ್ತಮುತ್ತ ಸದಾ ಸ್ವಲ್ಪ ಸೋರಿಕೊಂಡೇ ಇರುತ್ತದೆ, ಕ್ಯಾಲ್ಸಿಯಂ ಹೊತ್ತಲ್ಲದ ಹೊತ್ತಿನಲ್ಲಿ ಒಳಗೆ ಹೋಗುತ್ತಿರುತ್ತದೆ ಎಂಬ ಎಣಿಕೆಯ ಮೇಲೆ ಈ ಔಷಧ ನಿಂತಿದೆ. ಆ ಸೋರಿಕೆಯನ್ನು ಅದು ತಡೆಯುತ್ತದೆ. ನಿಜವಾದ ಸಂಕೇತ ಬಂದು ವೋಲ್ಟೇಜ್ ಜೋರಾಗಿ ಏರಿದಾಗ ಬೇಗ ಹೊರಬೀಳುತ್ತದೆ. ಎಪಿ5 ಹಾಗಲ್ಲ, ಅದು ಗ್ಲುಟಮೇಟ್ ಕೂರುವ ಜಾಗವನ್ನೇ ಹಿಡಿದುಕೊಳ್ಳುತ್ತದೆ. ಅಮೆರಿಕದಲ್ಲಿ ಮೆಮಂಟೀನ್‌ಗೆ 2003ರಲ್ಲಿ ಒಪ್ಪಿಗೆ ಸಿಕ್ಕಿದ್ದು ಮಧ್ಯಮ ಹಾಗೂ ತೀವ್ರ ಹಂತದ ಆಲ್ಜೈಮರ್ಸ್‌ಗೆ. ಕೆಲವರಿಗೆ ಒಂದಿಷ್ಟು ಅನುಕೂಲ ಮಾಡುತ್ತದೆ, ರೋಗವನ್ನು ನಿಲ್ಲಿಸುವುದಿಲ್ಲ. ಕಾಯಿಲೆ ಯಾವುದೆಂದು ತಿಳಿಯದೆ, ಪಕ್ಕದ ಮನೆಯವರ ಮಾತಿಗೆ ಶುರು ಮಾಡುವ ಔಷಧ ಅದಲ್ಲ.

ಮೆಗ್ನೀಸಿಯಂ ಮಾತ್ರೆ ನಿಲ್ಲಿಸಿ, ಡಾಕ್ಟರಿಗೆ ತೋರಿಸಿದ ಮೇಲೆ ನೋಡೋಣ. ಬಾಯಿಂದ ತೆಗೆದುಕೊಂಡದ್ದು ಸುಲಭಕ್ಕೆ ಮಿದುಳಿನ ದ್ರವದಲ್ಲಿ ಏರುವುದಿಲ್ಲ. ಸಕ್ಕರೆ ಇರುವವರ ಕಿಡ್ನಿ ದುರ್ಬಲವಾಗಿದ್ದರೆ ಮೆಗ್ನೀಸಿಯಂ ರಕ್ತದಲ್ಲಿ ಸೇರಿಕೊಂಡು ತೊಂದರೆ ಕೊಡಬಹುದು.

ಸ್ಲೈಸ್ ಪುಣೆ

ಡಾಕ್ಟರ್ ಸರ್ ಹೇಳಿದ್ದಕ್ಕ ಲ್ಯಾಬಿನ ಕಡಿಂದ ಒಂದು ಆಧಾರ ಕೊಡ್ತೀನಿ. 2015ರಾಗ ಮಾರ್ಕ್ ಶ್ನಿಟ್ಜರ್ ಅವರ ಗುಂಪು ಜೀವಂತ ಇಲಿಗಳ ಸಿಎ1 ಸ್ಪೈನ್‌ಗಳನ್ನ ವಾರಗಟ್ಟಲೆ ನೋಡಿದ್ರು. ಅವುಗಳ ಸರಾಸರಿ ಆಯುಸ್ಸು ಒಂದು-ಎರಡು ವಾರ. ಮಿದುಳಿನ ಹೊರಪದರದಾಗ ಎಷ್ಟೋ ಸ್ಪೈನ್‌ಗಳು ಅದಕ್ಕಿಂತ ಭಾಳ ದಿನ ಬಾಳ್ತಾವ. ಹಿಪೊಕ್ಯಾಂಪಸ್ ತನ್ನ ಸಿನಾಪ್ಸ್‌ಗಳನ್ನ ಖಾಲಿ ಮಾಡಿಕೋತ, ಹೊಸದಕ್ಕ ಜಾಗಾ ಮಾಡಿಕೋತ ಹೋಗ್ತದ.

ಇನ್ನ ವಾರ, ತಿಂಗಳ ಲೆಕ್ಕಕ್ಕ ಹೆಂಗ ಹಿಡೀತದ ಅನ್ನೋದು ಬಾಕಿ ಉಳೀತು. 100 ಪಲ್ಸ್ ಒಂದ ಸಲ ಕೊಟ್ಟರ ಎಲ್‌ಟಿಪಿ ಕೆಲವು ತಾಸಿನೊಳಗ ಇಳೀತದ. ನಡುವ ಬಿಡುವು ಕೊಟ್ಟು ಮೂರು-ನಾಕು ಸಲ ಕೊಟ್ಟರ ಭಾಳ ಹೊತ್ತು ಉಳೀತದ, ಆದ್ರ ಅದಕ್ಕ ಹೊಸಾ ಪ್ರೋಟೀನ್ ಬೇಕು. ಪ್ರೋಟೀನ್ ತಯಾರಿಕಿ ತಡಿಯೂ ಅನಿಸೊಮೈಸಿನ್ ಹಾಕಿದ್ರ ಈ ಭಾಳ ಹೊತ್ತಿನ ಎಲ್‌ಟಿಪಿ ಉಳಿಯಂಗಿಲ್ಲ. ಸಂಕೇತ ಪಿಕೆಎ ಅನ್ನೂ ಕಿಣ್ವದ ಹಾದಿ ಹಿಡದು ಕೋಶಕೇಂದ್ರಕ್ಕ ಹೋಗಿ ಕ್ರೆಬ್ ಅನ್ನೂ ಪ್ರೋಟೀನ್ ಎಬ್ಬಸ್ತದ, ಅದು ಜೀನ್‌ಗಳನ್ನ ಓದಸ್ತದ. ಎರಿಕ್ ಕ್ಯಾಂಡೆಲ್ ಅಪ್ಲೀಸಿಯಾ ಅನ್ನೂ ಸಮುದ್ರದ ಬಸವನಹುಳದಾಗ ಸುರು ಮಾಡಿ ಇಲಿಯ ತನಕ ಬಂದ ಕೆಲಸ ಇದು, 2000ದ ನೊಬೆಲ್ ಪಾಲು ಅದಕ್ಕ.

ಇಲ್ಲೆ ಒಂದು ಮಜಾ ತೊಡಕು. ಹೊಸಾ ಪ್ರೋಟೀನ್‌ಗೆ ಬೇಕಾದ ಸಂದೇಶ ಕೋಶಕೇಂದ್ರದಿಂದ ಬರ್ತದ. ಒಂದು ಕೋಶಕ್ಕ ಸಾವಿರಾರು ಸಿನಾಪ್ಸ್. ಯಾವುದಕ್ಕ ಹೋಗಬೇಕು ಅಂತ ಹೆಂಗ ಗೊತ್ತಾಗಬೇಕು? 1997ರಾಗ ಉವೆ ಫ್ರೈ ಮತ್ತ ರಿಚರ್ಡ್ ಮೊರಿಸ್ ಉತ್ತರ ಕೊಟ್ಟರು: ಪಲ್ಸ್ ಬಂದ ಸಿನಾಪ್ಸ್ ತನ್ನ ಮ್ಯಾಲೆ ಒಂದು ಗುರುತು ಹಚ್ಚಿಕೊಂಡು ಕೆಲವು ತಾಸು ಕಾಯ್ತದ. ಪ್ರೋಟೀನ್ ಕೋಶದ ತುಂಬ ಹೊರಟರೂ ಗುರುತು ಇದ್ದಲ್ಲೆ ಮಾತ್ರ ನಿಲ್ತದ. ದುರ್ಬಲ ಪಲ್ಸ್ ಬಂದ ಸಿನಾಪ್ಸ್ ಸಹಿತ, ಅದ ಕೋಶದ ಇನ್ನೊಂದು ದಾರಿಗೆ ಅದ ಹೊತ್ತಿನ್ಯಾಗ ಜೋರು ಪಲ್ಸ್ ಬಂದಿದ್ರ, ಆ ಪ್ರೋಟೀನ್ ಹಿಡಕೊಂಡು ಗಟ್ಟಿ ಆಗ್ತದ. ನಿಮ್ಮ ಮಾವಗ ಟ್ರಾಮ್ ಜೋಡಿ ತುಪ್ಪದ ವಾಸನಿ ಉಳದದ್ದಕ್ಕ ಇಂಥಾದ್ದ ಕಾರಣ ಇರಬಹುದು ಅಂತ ನನಗ ಅನಿಸ್ತದ. ದೊಡ್ಡ ಸಂಗತಿಯ ಆಜೂಬಾಜೂದ ಸಣ್ಣ ಸಂಗತಿ.

ಕ್ರಿಕ್ ಪ್ರಶ್ನೆಗೆ ಇತ್ತೀಚಿನ ಉತ್ತರ ಪಿಕೆಎಂ-ಜೀಟಾ. ಟಾಡ್ ಸ್ಯಾಕ್ಟರ್ ವರ್ಷಾನುಗಟ್ಟಲೆ ಹಿಂದ ಬಿದ್ದ ಕಿಣ್ವ. 2006ರಾಗ ಅದನ್ನ ತಡಿಯೂ ಜಿಪ್ ಅನ್ನೂ ಅಣು ಹಿಪೊಕ್ಯಾಂಪಸ್‌ಗೆ ಹಾಕಿದ್ರ ಇಲಿಯ ಹಳೇ ನೆನಪು ಅಳಿಸ್ತು. ಆಮ್ಯಾಲೆ 2013ರಾಗ ಎರಡು ಗುಂಪು ಆ ಕಿಣ್ವದ ಜೀನ್ ಇಲ್ಲದ ಇಲಿ ಮಾಡಿದ್ರು. ಅವಕ್ಕ ನೆನಪು ಸರೀನ ಇತ್ತು, ಜಿಪ್ ಹಾಕಿದ್ರ ಆಗಲೂ ಅಳಿಸ್ತು. ಭಾಳ ಮಂದಿ ಕಥಿ ಮುಗೀತು ಅಂದ್ರು. 2016ರಾಗ ಸ್ಯಾಕ್ಟರ್ ಕಡೆಯವರು ತೋರಿಸಿದ್ರು: ಹುಟ್ಟಿನಿಂದ ಅದು ಇಲ್ಲದ ಇಲಿಯೊಳಗ ಅದರ ದಾಯಾದಿ ಕಿಣ್ವ ಆ ಜಾಗಾ ತುಂಬತದ. 2024ರಾಗ ಅವರು, ಆಂಡ್ರೆ ಫೆಂಟನ್ ಮತ್ತ ಸಂಗಡಿಗರು ಇನ್ನೊಂದು ಕೊಂಡಿ ಕೊಟ್ಟರು: ಕಿಬ್ರಾ ಅನ್ನೂ ಪ್ರೋಟೀನ್ ಗಟ್ಟಿಯಾದ ಸಿನಾಪ್ಸ್‌ನಾಗ ಕೂತು ಪಿಕೆಎಂ-ಜೀಟಾ ಹಿಡದು ಇಟ್ಟುಕೊಳ್ತದ. ಇವೆರಡರ ಹಿಡಿತ ಬಿಡಿಸಿದ್ರ ವಾರಗಳ ಹಳೇ ನೆನಪು ಹೋಗ್ತದ. ಒಂದು ಹೋದಾಗ ಇನ್ನೊಂದು ಅಲ್ಲೆ ಇದ್ದು ಹೊಸದನ್ನ ಹಿಡೀತದ, ಅಣುಗಳು ಬದಲಾದರೂ ಜೋಡಿ ಮುರಿಯೂದಿಲ್ಲ ಅನ್ನೋದು ಅವರ ವಾದ. ಕ್ಯಾಮ್‌ಕೆ-2 ಪಕ್ಷದವರು ಇದನ್ನ ಪೂರ್ತಿ ಒಪ್ಪಿಲ್ಲ. ನನ್ನ ಮತ ಕೇಳಿದ್ರ, ಎರಡೂ ಬೇಕು, ಒಂದು ಸುರುವಿಗೆ, ಒಂದು ಉಳಸಲಿಕ್ಕೆ.

ವಾಶಿ ಅಮ್ಮ

ಎಲ್ಲರಿಗೂ ನಮಸ್ಕಾರ. ನಾನು ಸೈನ್ಸ್ ಓದಿದವಳಲ್ಲ, ಆದರೂ ಪೂರ್ತಿ ಓದಿದೆ. ಮಗ ನೀಟ್‌ಗೆ ಕೂತಿದ್ದಾನೆ, ರಾತ್ರಿ ಎರಡು ಗಂಟೆವರೆಗೆ ಒಂದೇ ಸಮ ಓದುತ್ತಾನೆ. ಬಿಡುವು ಕೊಟ್ಟು ಪಲ್ಸ್ ಕೊಟ್ಟರೆ ಭಾಳ ಹೊತ್ತು ಉಳೀತದೆ ಅಂತ ಬರೆದಿದ್ದೀರಲ್ಲ, ಅದು ಓದಿಗೂ ಹೊಂದುತ್ತದಾ?

ಸ್ಲೈಸ್ ಪುಣೆ

ಹೊಂದತದ ಅಮ್ಮಾ. 2012ರಾಗ ಗ್ಯಾರಿ ಲಿಂಚ್ ಅವರ ಲ್ಯಾಬಿನವರು ಸ್ಲೈಸ್‌ನಾಗ ನೋಡಿದ್ದು: ಮೊದಲನೇ ಪಲ್ಸ್ ಗುಂಪು ಆದ ಕೂಡಲೇ ಎರಡನೇದು ಕೊಟ್ಟರ ಏನೂ ಹೆಚ್ಚಾಗಂಗಿಲ್ಲ. ಒಂದು ತಾಸು ಬಿಟ್ಟು ಕೊಟ್ಟರ ಮೊದಲ ಸಲ ಗಟ್ಟಿ ಆಗದ ಸಿನಾಪ್ಸ್‌ಗಳು ಸಹಿತ ಗಟ್ಟಿ ಆಗ್ತಾವ. ಮನುಷ್ಯರ ಕಲಿಕೆಯೊಳಗ ಬಿಡುವು ಕೊಟ್ಟು ಓದಿದ್ದು ಹೆಚ್ಚು ಉಳೀತದ ಅನ್ನೋದು ಅದಕ್ಕೂ ಹಿಂದಿನಿಂದ ಗೊತ್ತಿದ್ದ ಸಂಗತಿ. ಒಂದು ಅಧ್ಯಾಯ ಓದಿ, ಪುಸ್ತಕ ಮುಚ್ಚಿ ಬ್ಯಾರೆ ವಿಷಯ ಹಿಡೀಲಿ, ತಾಸು ಬಿಟ್ಟು ಅದ ಅಧ್ಯಾಯದ ಪ್ರಶ್ನೆ ನೋಡದ ಬರೀಲಿ, ಮರುದಿನ ಮತ್ತೊಮ್ಮೆ. ಎರಡು ಗಂಟಿ ತನಕ ಕೂಡೋದು ಬ್ಯಾಡ. ನಿದ್ದಿಯೊಳಗ ಹಿಪೊಕ್ಯಾಂಪಸ್ ಹಗಲಿನ ಕೋಶಗಳ ಸಾಲನ್ನ ಮತ್ತ ಚಾಲೂ ಮಾಡ್ತದ, ಇಲಿಗಳೊಳಗ ಅದನ್ನ ರೆಕಾರ್ಡ್ ಮಾಡ್ಯಾರ. ನಿದ್ದಿಗೆಟ್ಟರ ಆ ಕೆಲಸನ ತಪ್ಪತದ.

ಮುಲುಂದ್ ಬಯಾಲಜಿ ಟೀಚರ್

ತಮ್ಮಾ, ಕೊನೆಯದಾಗಿ ಚಿತ್ರಕ್ಕೆ ಸಂಬಂಧಿಸಿದ್ದು ಒಂದೇ ಕೇಳುತ್ತೇನೆ. ಶನಿವಾರ ರಾತ್ರಿ ಚಾರ್ಟ್ ಬರೆಯುತ್ತಿದ್ದೇನೆ. ಸ್ಪೈನ್ ದೊಡ್ಡದಾಗಿ ಬಿಡಿಸಿದ್ದೇನೆ, ಎನ್‌ಎಂಡಿಎ ನೀಲಿ, ಆಂಪಾ ಕೆಂಪು. ಹೊಸ ಪ್ರೋಟೀನ್ ತಯಾರಾಗುವ ರೈಬೋಸೋಮ್‌ಗಳನ್ನು ಎಲ್ಲಿ ತೋರಿಸಲಿ? ಕೋಶದ ದೇಹದಲ್ಲೋ, ಸ್ಪೈನ್ ಒಳಗೋ? ಗುರುತನ್ನು ಎಲ್ಲಿ ಹಾಕಲಿ?

ಸ್ಲೈಸ್ ಪುಣೆ

ಕೋಶದ ದೇಹದಾಗ ಹೆಂಗೂ ಇರ್ತಾವ, ಅವನ್ನ ಬರೀರಿ. ಅದರ ಜೋಡಿ ಸ್ಪೈನಿನ ಬುಡದಾಗ, ಟೊಂಗಿಗೆ ಕೂಡೂ ಸಂದಿನ್ಯಾಗ ಒಂದು ಗೊಂಚಲು ರೈಬೋಸೋಮ್ ಹಾಕ್ರಿ. ಓಸ್ವಾಲ್ಡ್ ಸ್ಟೀವರ್ಡ್ 1982ರಾಗ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಾಗ ಅವನ್ನ ಅಲ್ಲೇ ಕಂಡದ್ದು. ಎರಡನೇ ಚಿತ್ರದಾಗ, ಎಲ್‌ಟಿಪಿ ಆದ ಮ್ಯಾಲಿನದ್ದು, ಒಂದೆರಡನ್ನ ಬುಡದಿಂದ ಎತ್ತಿ ತಲಿಯೊಳಗ ಇಡ್ರಿ. ಕ್ರಿಸ್ಟನ್ ಹ್ಯಾರಿಸ್ ಅವರ ಲ್ಯಾಬಿನವರು 2002ರಾಗ ಹಂಗ ಒಳಗ ಸರದದ್ದನ್ನ ತೋರಿಸ್ಯಾರ, ಅಂಥಾ ಸ್ಪೈನ್‌ಗಳ ಹಾಸೂ ದೊಡ್ಡದಿತ್ತು. ಗುರುತು ತಲಿಯೊಳಗ, ಹಾಸಿನ ಹತ್ತರ. ಅದು ಒಂದ ಅಣು ಅಲ್ಲ, ಕ್ಯಾಮ್‌ಕೆ-2, ಆಕ್ಟಿನ್ ಎಲ್ಲಾ ಸೇರಿದ ಒಂದು ಸ್ಥಿತಿ. ಹಿಂಗಾಗಿ ಚುಕ್ಕಿ ಹಾಕೋದಕ್ಕಿಂತ ತಲಿಗೆ ತೆಳು ಹಳದಿ ಬಣ್ಣ ತುಂಬ್ರಿ. ಆಂಪಾ ಕೆಂಪಿನೊಳಗ ಎರಡು ಮೂರನ್ನ ಹಾಸಿನ ಹೊರಗ, ಸ್ಪೈನಿನ ಅಂಚಿನ್ಯಾಗ ಬರದು ಒಳಗೂ ಹೊರಗೂ ಬಾಣ ಹಾಕ್ರಿ. ಆ ಹುಡುಗಿ ಮೊದಲ ನೋಡೋದು ಆ ಬಾಣಗಳನ್ನ.